ಬೇಸಿಗೆಯ ಪ್ರೇಮ ಕಾದಂಬರಿ, ಡಿಸ್ಲೆಕ್ಸಿಯಾ ಇರುವ ನಾಯಕಿ: ಆ ಪತ್ರದ ದೃಶ್ಯ ಇರಲಾ, ತೆಗೆಯಲಾ?

ಬೇಸಿಗೆ_ಕಥೆ

ಎಲ್ಲರಿಗೂ ನಮಸ್ಕಾರ. ನಾನೊಂದು ಪ್ರೇಮ ಕಾದಂಬರಿ ಬರೆಯುತ್ತಿದ್ದೇನೆ. ಮೊದಲ ಕರಡು ಮುಗಿದಿದೆ. ಒಂದು ದೃಶ್ಯದ ಬಗ್ಗೆ ಮಾತ್ರ ಸಮಾಧಾನವಿಲ್ಲ, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಕಥೆ ನಡೆಯುವುದು ಒಂದೇ ಬೇಸಿಗೆಯಲ್ಲಿ, ಕಡಲತೀರದ ಸಣ್ಣ ಊರಲ್ಲಿ. ನಾಯಕಿಗೆ 29 ವರ್ಷ. ದೋಣಿ ರಿಪೇರಿಯ ಶೆಡ್ಡು ನಡೆಸುತ್ತಾಳೆ. ಮಾತಿನಮಲ್ಲಿ. ಅವಳಿಗೆ ಡಿಸ್ಲೆಕ್ಸಿಯಾ ಇದೆ, ಅಂದರೆ ಓದುವುದು, ಬರೆಯುವುದು ಕಷ್ಟವಾಗುವ ತೊಂದರೆ. ಅದು ಊರಲ್ಲಿ ಯಾರಿಗೂ ಗೊತ್ತಿಲ್ಲ. ನಾಯಕ ತೀರಿಹೋದ ಅಜ್ಜಿಯ ಮನೆ ಖಾಲಿ ಮಾಡಲು ಬಂದವನು. ಮನೆ ತುಂಬ ಪುಸ್ತಕ. ಅವನ ಕೆಲಸ ಪ್ರೂಫ್ ನೋಡುವುದು. ಬೇರೆಯವರ ಅಕ್ಷರದ ತಪ್ಪು ಹಿಡಿಯುವುದೇ ಅವನ ಹೊಟ್ಟೆಪಾಡು.

ಇಬ್ಬರೂ ಹತ್ತಿರವಾಗುತ್ತಾರೆ. ಬೇಸಿಗೆ ಮುಗಿಯುವ ಹೊತ್ತಿಗೆ ಅವನು ಶೆಡ್ಡಿನ ಬಾಗಿಲಲ್ಲಿ ಒಂದು ಪತ್ರ ಇಟ್ಟು ಹೋಗುತ್ತಾನೆ. "ನಾಳೆ ಬೆಳಗಿನ ಬಸ್ಸಿಗೆ ಹೊರಟಿದ್ದೇನೆ. ಇರು ಅಂದರೆ ಇರುತ್ತೇನೆ" ಅಂತ. ಅವಳಿಗೆ ಅದನ್ನು ಓದಲು ಆಗುವುದಿಲ್ಲ, ಯಾರ ಹತ್ತಿರವಾದರೂ ಓದಿಸಲು ನಾಚಿಕೆ. ಬಸ್ಸು ಹೊರಟುಹೋಗುತ್ತದೆ. ಆಮೇಲೆ ಅವನಿಗೆ ವಿಷಯ ತಿಳಿದು ವಾಪಸ್ ಬರುತ್ತಾನೆ, ಸಂಜೆ ಸಂಜೆ ಕೂತು ಓದಲು ಕಲಿಸುತ್ತಾನೆ. ಕೊನೆಯ ಅಧ್ಯಾಯದಲ್ಲಿ ಅವಳು ಅದೇ ಪತ್ರವನ್ನು ಅವನಿಗೆ ಓದಿ ಹೇಳುತ್ತಾಳೆ.

ಓದಿದ ಇಬ್ಬರು ಗೆಳತಿಯರು ಅತ್ತರು. ಆದರೂ ನನಗೆ ಏನೋ ಕೊರೆಯುತ್ತಿದೆ. ಬಿಚ್ಚುಮನಸ್ಸಿನಿಂದ ಹೇಳಿ.

ಪ್ರೇಮಕಥೆ_ಪ್ರಿಯೆ

ಪ್ರೂಫ್ ನೋಡುವವನಿಗೂ ಅಕ್ಷರ ಕಂಡರೆ ಹಿಂಜರಿಯುವವಳಿಗೂ ಪ್ರೀತಿ! ಇದೊಂದು ಸಾಲಿಗೇ ನಾನು ಪುಸ್ತಕ ಕೊಳ್ಳುತ್ತೇನೆ.

ಆದರೆ ಪತ್ರದ ಬಗ್ಗೆ ಒಂದು ಮಾತು. ಪ್ರೇಮ ಕಾದಂಬರಿಯಲ್ಲಿ ಮುಕ್ಕಾಲು ಭಾಗ ಆಗುವಾಗ ಇಬ್ಬರೂ ದೂರವಾಗುವುದು ವಾಡಿಕೆ. ಕೊನೆಗೆ ಒಂದಾಗುತ್ತಾರೆ ಅನ್ನುವುದೂ ಗೊತ್ತೇ ಇರುತ್ತದೆ. ಗೊತ್ತಿದ್ದೂ ಓದುತ್ತೇವೆ, ಯಾಕೆಂದರೆ ಹೇಗೆ ಒಂದಾಗುತ್ತಾರೆ ಅನ್ನುವುದು ಬೇಕು. ದೂರವಾಗುವ ಕಾರಣ ಅವರಿಬ್ಬರ ಸ್ವಭಾವದಿಂದಲೇ ಹುಟ್ಟಬೇಕು. ಪತ್ರ ಓದಲಾಗಲಿಲ್ಲ, ಬಸ್ಸು ಹೋಯಿತು ಅಂದರೆ "ಒಂದು ಫೋನ್ ಮಾಡಿದ್ದರೆ ಮುಗೀತಿತ್ತಲ್ಲ" ಅನ್ನಿಸಿಬಿಡುತ್ತದೆ. ಇಡೀ ಬೇಸಿಗೆ ಜೊತೆಗಿದ್ದವನು ಒಂದು ಕಾಗದ ಇಟ್ಟು ಸುಮ್ನೆ ಬಸ್ಸು ಹತ್ತುವುದೂ ನನಗೆ ಒಪ್ಪಿಗೆಯಾಗಲಿಲ್ಲ.

ನಿಧಾನ_ಓದುಗಿ

ನನಗೆ ಡಿಸ್ಲೆಕ್ಸಿಯಾ ಇದೆ. ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ. ಅಲ್ಲಿಯವರೆಗೆ ನಾನು ಸೋಮಾರಿ ಅಂತಲೇ ಎಲ್ಲರೂ ನಂಬಿದ್ದರು, ನಾನೂ ನಂಬಿದ್ದೆ. ಹಾಗಾಗಿ ಈ ಚರ್ಚೆ ನನ್ನದೇ ಅನ್ನಿಸಿ ಬರೆಯುತ್ತಿದ್ದೇನೆ. (ಫೋನಿಗೆ ಹೇಳಿ ಬರೆಸುತ್ತಿದ್ದೇನೆ. ಎಲ್ಲೋ ಒಂದು ಪದ ತಪ್ಪಾದರೆ ಅಲ್ಲೇ ಬಿಡಿ.)

ನಿಮ್ಮ ನಾಯಕಿ 29 ವರ್ಷದವಳು, ಶೆಡ್ಡು ನಡೆಸುವವಳು. ಅವಳು ಓದುತ್ತಾಳೆ. ನಿಧಾನವಾಗಿ ಓದುತ್ತಾಳೆ, ಓದಿ ಸುಸ್ತಾಗುತ್ತಾಳೆ, ಆದರೆ ಓದುತ್ತಾಳೆ. ನನ್ನಂಥ ದೊಡ್ಡವರಲ್ಲಿ ಹೆಚ್ಚಿನವರ ಕಥೆ ಇದೇ. ಅಕ್ಷರಗಳು ಕುಣಿಯುವುದಿಲ್ಲ, ಉಲ್ಟಾ ಕಾಣುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಅಕ್ಷರ ಕಾಣುತ್ತದೆ, ಅದರ ಸದ್ದು ತಡವಾಗಿ ಬರುತ್ತದೆ. ಒಂದು ಉದ್ದನೆಯ ಪದವನ್ನು ಬಿಡಿಸುವಷ್ಟರಲ್ಲಿ ಸಾಲಿನ ಮೊದಲಲ್ಲಿ ಏನಿತ್ತು ಅನ್ನುವುದು ಜಾರಿಹೋಗಿರುತ್ತದೆ. ಮತ್ತೆ ಮೊದಲಿಂದ. ಕೈಬರಹ ಇನ್ನೂ ಕಷ್ಟ, ಒಬ್ಬೊಬ್ಬರ ಅಕ್ಷರವೂ ಹೊಸದಾಗಿ ಕಲಿಯಬೇಕು.

ಆ ಪತ್ರ ನನಗೆ ಸಿಕ್ಕಿದ್ದರೆ ನಾನು ಏನು ಮಾಡುತ್ತಿದ್ದೆ ಹೇಳಲಾ? ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ. ಫೋನಿನ ಕ್ಯಾಮೆರಾ ಹಿಡಿದು ಓದಿಸಲು ನೋಡುತ್ತಿದ್ದೆ. ಅವನ ಕೈಬರಹ ಅದಕ್ಕೆ ಅರ್ಥವಾಗದಿದ್ದರೆ ಒಂದೊಂದೇ ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಂಡು ಓದುತ್ತಿದ್ದೆ. ಬೆಳಗಾಗುವುದರೊಳಗೆ ಮುಗಿಸುತ್ತಿದ್ದೆ. ಪ್ರೀತಿಸಿದವನ ಪತ್ರ ಅಲ್ವಾ!

ನನ್ನಿಂದ ಆಗದೇ ಇರುವುದು ಬೇರೆ. ಕೈಗೆ ಕೊಟ್ಟು, "ಓದು" ಅಂತ ಹೇಳಿ, ನನ್ನ ಮುಖ ನೋಡುತ್ತಾ ಎದುರಿಗೆ ನಿಂತರೆ ಆಗುವುದಿಲ್ಲ. ಮೊದಲ ಸಾಲಲ್ಲೇ ಇರುತ್ತೇನೆ, ಎದುರಿನವರು ನಾನು ಕೊನೆಗೆ ಬಂದಿದ್ದೇನೆ ಅಂದುಕೊಂಡು ನನ್ನ ಉತ್ತರಕ್ಕೆ ಕಾಯುತ್ತಿರುತ್ತಾರೆ. ಆಗ ಮಾಡುವುದು ಒಂದೇ. ನಗುವುದು, ಮಡಚಿ ಜೇಬಿಗೆ ಹಾಕುವುದು, "ಆಮೇಲೆ ಓದ್ತೀನಿ" ಅನ್ನುವುದು. ಎದುರಿನವರಿಗೆ ಅದು ಬೇಡ ಅಂದಂತೆ ಕೇಳಿಸುತ್ತದೆ. ನಿಮ್ಮ ದೃಶ್ಯ ಅಲ್ಲಿದೆ, ಬಸ್ಸಿನಲ್ಲಿ ಇಲ್ಲ.

ಇನ್ನು ಅವನು ಓದಲು ಕಲಿಸುವುದು. ದಯವಿಟ್ಟು ತೆಗೆಯಿರಿ. ಪ್ರೀತಿಸಿದವನು ಮೇಷ್ಟ್ರಾಗಿ ಕೂತರೆ ನಾನು ಮತ್ತೆ ಕೊನೆಯ ಬೆಂಚಿನ ಹುಡುಗಿ ಆಗಿಬಿಡುತ್ತೇನೆ.

ವಿಶೇಷ_ಟೀಚರ್

ಓದುವ ತೊಂದರೆ ಇರುವ ಮಕ್ಕಳಿಗೆ ಪಾಠ ಮಾಡುವುದು ನನ್ನ ಕೆಲಸ. ಮೇಲಿನವರು ಹೇಳಿದ್ದಕ್ಕೆ ನಾನು ಸ್ವಲ್ಪ ಸೇರಿಸುತ್ತೇನೆ.

ಡಿಸ್ಲೆಕ್ಸಿಯಾ ಕಣ್ಣಿನ ತೊಂದರೆ ಅಲ್ಲ, ಬುದ್ಧಿಯ ತೊಂದರೆಯೂ ಅಲ್ಲ. ಮಾತಿನ ಸದ್ದುಗಳನ್ನು ಬಿಡಿಸಿ ಹಿಡಿಯುವುದು, ಅವನ್ನು ಅಕ್ಷರಕ್ಕೆ ಜೋಡಿಸುವುದು, ಅದೂ ಬೇಗ ಬೇಗ ಮಾಡುವುದು ಇವರಿಗೆ ಕಷ್ಟ. ಕಣ್ಣಿನ ಮಾತು ಯಾಕೆ ಅಂಟಿಕೊಂಡಿತು ಅಂದರೆ, ಶುರುವಿನಲ್ಲಿ ಇದನ್ನು ಗಮನಿಸಿ ಬರೆದವರಲ್ಲಿ ಕಣ್ಣಿನ ವೈದ್ಯರು ಇದ್ದರು. 1887ರಲ್ಲಿ ಡಿಸ್ಲೆಕ್ಸಿಯಾ ಅನ್ನುವ ಹೆಸರಿನಲ್ಲಿ ಪುಸ್ತಕ ಬರೆದ ಜರ್ಮನಿಯ ರುಡಾಲ್ಫ್ ಬರ್ಲಿನ್ ಕಣ್ಣಿನ ವೈದ್ಯರೇ. 1896ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಪ್ರಿಂಗಲ್ ಮಾರ್ಗನ್ ಒಬ್ಬ 14 ವರ್ಷದ ಹುಡುಗನ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಹುಡುಗ ಜಾಣ, ಲೆಕ್ಕ ಬರುತ್ತಿತ್ತು. ಆದರೆ ತನ್ನ ಹೆಸರು ಪರ್ಸಿ ಅನ್ನುವುದನ್ನೇ ಪ್ರೆಸಿ ಅಂತ ಬರೆಯುತ್ತಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದರೆ ಶಾಲೆಗೇ ಇವನು ಮೊದಲಿಗನಾಗುತ್ತಾನೆ ಅಂತ ಅವನ ಮೇಷ್ಟ್ರು ಹೇಳಿದ್ದನ್ನೂ ಮಾರ್ಗನ್ ಬರೆದಿದ್ದಾರೆ. ಹಾಗಾಗಿ ನಿಮ್ಮ ನಾಯಕಿ ಮಾತಿನಮಲ್ಲಿ ಆಗಿರುವುದು ಸರಿಯಾಗಿಯೇ ಇದೆ.

ಅವಳ ವಿಷಯ ಯಾರಿಗೂ ಗೊತ್ತಿಲ್ಲ ಅನ್ನುವುದೂ ನಂಬುವಂಥದ್ದೇ. 1990ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಬಂತು. ಶಾಲೆಯವರು ಗುರುತಿಸಿ ಕಳಿಸಿದ ಮಕ್ಕಳಲ್ಲಿ ಹುಡುಗರೇ ಜಾಸ್ತಿ. ಅದೇ ಎಲ್ಲ ಮಕ್ಕಳನ್ನೂ ಪರೀಕ್ಷೆ ಮಾಡಿ ನೋಡಿದರೆ ಹುಡುಗರು, ಹುಡುಗಿಯರ ನಡುವೆ ಅಂಥ ದೊಡ್ಡ ವ್ಯತ್ಯಾಸ ಇರಲಿಲ್ಲ. ಓದಲು ಬಾರದ ಹುಡುಗ ತರಗತಿಯಲ್ಲಿ ಗಲಾಟೆ ಮಾಡಿದರೆ ಎಲ್ಲರ ಕಣ್ಣಿಗೆ ಬೀಳುತ್ತಾನೆ. ಪಕ್ಕದವಳ ಪುಸ್ತಕ ನೋಡಿ ಬರೆದು, ಪದ್ಯ ಬಾಯಿಪಾಠ ಮಾಡಿ ಒಪ್ಪಿಸಿ, ಸದ್ದಿಲ್ಲದೆ ಮುಂದೆ ಹೋಗುವ ಹುಡುಗಿಯನ್ನು ಯಾರು ನೋಡುತ್ತಾರೆ? ಇಂಥವರನ್ನು ನಾನು ದಿನಾ ನೋಡುತ್ತೇನೆ.

ಇದು ವಂಶದಲ್ಲಿ ಹರಿದು ಬರುವುದೂ ಉಂಟು. ಅವಳ ಅಪ್ಪ ಯಾವತ್ತೂ ಪತ್ರಿಕೆ ಓದದೆ ರೇಡಿಯೋ ಮಾತ್ರ ಕೇಳುತ್ತಿದ್ದ ಅಂತ ಒಂದು ಸಾಲು ಬರೆದರೂ ಸಾಕು, ಗೊತ್ತಿರುವ ಓದುಗರಿಗೆ ಗೊತ್ತಾಗುತ್ತದೆ.

ಕಲಿಸುವ ವಿಷಯ. ಸದ್ದು, ಅಕ್ಷರ, ಕೈ ಮೂರನ್ನೂ ಜೋಡಿಸಿ ಹಂತಹಂತವಾಗಿ ಕಲಿಸುವ ಪದ್ಧತಿಗಳಿವೆ, ಫಲವೂ ಇದೆ. ಆದರೆ ಅದು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ನಡೆಯುವ ಕೆಲಸ. ತರಬೇತಿ ಇಲ್ಲದ ಪ್ರಿಯಕರ ಕೆಲವು ಸಂಜೆಗಳಲ್ಲಿ ಮುಗಿಸುವಂಥದ್ದಲ್ಲ.

ಹಳೇ_ಓದುಗ

ಎಲ್ಲರ ಮಾತನ್ನೂ ಗೌರವದಿಂದ ಓದಿದೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ.

ಬೇಸಿಗೆ ಓದಿಗೆ ಅಂತ ಪುಸ್ತಕ ತೆಗೆದುಕೊಂಡವರಿಗೆ ಹಗುರಾದ ಕಥೆ ಬೇಕು. 1896, 1990 ಅಂತೆಲ್ಲ ಕಥೆಯೊಳಗೆ ಬಂದರೆ ಭಾರವಾಗುತ್ತದೆ. ಇನ್ನೊಂದು, ಕೊನೆಯಲ್ಲಿ ಅವಳು ಪತ್ರ ಓದುವ ಅಧ್ಯಾಯ ನನಗೆ ಇಷ್ಟವಾಯಿತು. ಪಾತ್ರ ಕಷ್ಟಪಟ್ಟು ಏನನ್ನೋ ಗೆಲ್ಲುವುದನ್ನು ನೋಡಲು ನಾವು ಕಥೆ ಓದುತ್ತೇವೆ. ಏನೂ ಬದಲಾಗದೆ ಪ್ರೀತಿ ಮಾತ್ರ ಗೆದ್ದರೆ ಅವಳ ಪಾಲಿಗೆ ಗೆದ್ದಿದ್ದೇನು?

ಹಾಗಂತ ಅವಳಿಗೆ ಒಂದು ದೊಡ್ಡ ಪ್ರತಿಭೆ ಕೊಡಬಹುದು. ದೋಣಿಯ ವಿನ್ಯಾಸದಲ್ಲಿ ಅವಳನ್ನು ಮೀರಿಸುವವರಿಲ್ಲ ಅನ್ನುವ ಹಾಗೆ. ಒಂದು ಇಲ್ಲದವರಿಗೆ ಇನ್ನೊಂದು ಇರುತ್ತದಲ್ಲ.

ನಿಧಾನ_ಓದುಗಿ

ಹಳೇ ಓದುಗರೇ, ನಿಮ್ಮ ಪ್ರಶ್ನೆ ಒಳ್ಳೆಯದು, ಅದಕ್ಕೇ ಉತ್ತರ ಕೊಡಬೇಕು ಅನ್ನಿಸಿತು.

ಹಗುರಾದ ಕಥೆ ನನಗೂ ಬೇಕು. ನನಗೂ ಬೇಸಿಗೆ ಬರುತ್ತದೆ, ಸಮುದ್ರ ಇಷ್ಟ, ಯಾರೋ ನನ್ನನ್ನು ನೋಡಿ ಮಾತು ಮರೆಯಲಿ ಅನ್ನುವ ಆಸೆ ನನಗೂ ಇತ್ತು. ಆದರೆ ನನ್ನಂಥವಳು ಪುಸ್ತಕದಲ್ಲಿ ಬಂದ ಕೂಡಲೇ ಕಥೆ ಪಾಠಶಾಲೆ ಆಗಿಬಿಡುತ್ತದೆ. ಮೊದಲು ವಾಸಿಯಾಗಬೇಕು, ಆಮೇಲೆ ಮುತ್ತು. ಬೇರೆ ನಾಯಕಿಯರಿಗೆ ಈ ಷರತ್ತು ಇಲ್ಲ.

ಅವಳು ಗೆಲ್ಲಲಿ, ಖಂಡಿತ ಗೆಲ್ಲಲಿ. ಗೆಲ್ಲುವುದು ಅಂದರೆ ಓದುವುದೇ ಆಗಬೇಕಾ? "ನನಗೆ ಇದು ಕಷ್ಟ, ನೀನೇ ಓದಿ ಹೇಳು" ಅಂತ ಒಬ್ಬ ಮನುಷ್ಯನ ಎದುರು ಮೊದಲ ಸಲ ಬಾಯಿಬಿಟ್ಟು ಹೇಳುವುದು ನನ್ನ ಜೀವನದಲ್ಲಿ ಎಲ್ಲಕ್ಕಿಂತ ದೊಡ್ಡ ಧೈರ್ಯದ ಕೆಲಸವಾಗಿತ್ತು.

ಪ್ರತಿಭೆಯ ವಿಷಯ: ಅವಳು ದೋಣಿ ಚೆನ್ನಾಗಿ ರಿಪೇರಿ ಮಾಡಲಿ, ಕೆಲಸ ಕಲಿತಿದ್ದಾಳೆ ಅಂತ. ಡಿಸ್ಲೆಕ್ಸಿಯಾಗೆ ಬದಲಾಗಿ ದೇವರು ಕೊಟ್ಟ ವರ ಅಂತ ಬೇಡ. ನನಗೆ ಅಂಥ ವರ ಏನೂ ಸಿಕ್ಕಿಲ್ಲ, ಸಿಗದಿದ್ದರೂ ನಾನು ಪ್ರೀತಿಗೆ ಅರ್ಹಳೇ.

ವಿಶೇಷ_ಟೀಚರ್

ಇದಕ್ಕೆ ನನ್ನದೂ ದನಿ. ವಿಶೇಷ ಪ್ರತಿಭೆ ಜೊತೆಗೇ ಬರುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ದೊಡ್ಡ ಸಾಧನೆ ಮಾಡಿದವರು ಇದ್ದಾರೆ. 2009ರಲ್ಲಿ ವೈದ್ಯಕೀಯ ನೊಬೆಲ್ ಪಡೆದ ಕ್ಯಾರೊಲ್ ಗ್ರೈಡರ್ ತಮಗೆ ಡಿಸ್ಲೆಕ್ಸಿಯಾ ಇದೆ ಅಂತ ಹೇಳಿಕೊಂಡಿದ್ದಾರೆ. ಚಿಕ್ಕವರಿದ್ದಾಗ ಸ್ಪೆಲ್ಲಿಂಗ್ ಸಲುವಾಗಿ ತರಗತಿಯಿಂದ ಬೇರೆ ಕೂರಿಸಿದಾಗ ತಾನು ದಡ್ಡಿ ಅಂತಲೇ ಅಂದುಕೊಂಡಿದ್ದರಂತೆ. ಮಕ್ಕಳಿಗೆ ನಾನು ಅವರ ವಿಷಯ ಹೇಳುವುದು "ನೀನೂ ನೊಬೆಲ್ ತಾ" ಅಂತ ಅಲ್ಲ. ದಡ್ಡಿ ಅನ್ನುವ ಆ ಮಾತು ಸುಳ್ಳು ಅಂತ ತೋರಿಸಲು.

ಜೊತೆಗಾರ

ನನ್ನ ಹೆಂಡತಿಗೆ ಡಿಸ್ಲೆಕ್ಸಿಯಾ ಇದೆ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಪರಿಚಯವಾದ ಹೊಸದರಲ್ಲಿ ಎದುರಿಗೆ ಸಿಕ್ಕರೆ ಗಂಟೆಗಟ್ಟಲೆ ಮಾತಾಡುತ್ತಿದ್ದಳು. ಮೆಸೇಜ್ ಮಾಡಿದರೆ ಮಾತ್ರ "ಹೂಂ", "ಸರಿ", "ಬಾ". ಅಷ್ಟೇ. ಇವಳಿಗೆ ನನ್ನ ಮೇಲೆ ಮನಸ್ಸಿದೆಯೋ ಇಲ್ಲವೋ ಅಂತ ನನಗೆ ಗೊಂದಲ. ಆಮೇಲೆ ತಿಳಿಯಿತು, ಸರಿಯಾಗಿ ಬರೆಯಬಲ್ಲೆ ಅನ್ನುವ ನಂಬಿಕೆ ಇರುವ ಪದಗಳನ್ನಷ್ಟೇ ಅವಳು ಬರೆಯುತ್ತಿದ್ದಳು. ಹಿಂದೆ ಯಾರೋ ಅವಳ ಮೆಸೇಜಿನ ಕಾಗುಣಿತ ತಿದ್ದಿ ತಿದ್ದಿ ವಾಪಸ್ ಕಳಿಸುತ್ತಿದ್ದರಂತೆ. "ನಿನ್ನ ನೆನಪಾಗುತ್ತಿದೆ" ಅಂತ ಬರೆಯುವಷ್ಟು ಧೈರ್ಯ ಬರದೆ "ಬಾ" ಅಂತ ಬರೆಯುತ್ತಿದ್ದಳು.

ಈಗ ನಾವು ವಾಯ್ಸ್ ಮೆಸೇಜ್ ಕಳಿಸಿಕೊಳ್ಳುತ್ತೇವೆ. ಅವಳ ಮೆಸೇಜುಗಳು ಉದ್ದುದ್ದ ಇರುತ್ತವೆ. ನಡುವೆ ನಗು, ಹಿಂದೆ ಬಸ್ಸಿನ ಸದ್ದು, ಯಾರನ್ನೋ ಬೈಯುವುದು, ಎಲ್ಲ ಇರುತ್ತದೆ. ನಿಮ್ಮ ಕಾದಂಬರಿಯಲ್ಲಿ ಪ್ರೇಮಪತ್ರ ಬೇಕೇ ಬೇಕು ಅಂದರೆ ಇದೇ ಪ್ರೇಮಪತ್ರ ಆಗಲಿ.

ಪ್ರೇಮಕಥೆ_ಪ್ರಿಯೆ

ಜೊತೆಗಾರರೇ, ನೀವು ಕಥೆಯ ಬೀಗದ ಕೈಯನ್ನೇ ಕೊಟ್ಟುಬಿಟ್ಟಿರಿ!

ನಾಯಕ ಪ್ರೂಫ್ ನೋಡುವವನು. ಪದಗಳನ್ನು ಗಮನಿಸುವುದೇ ಅವನ ಅಭ್ಯಾಸ. ಎದುರಿಗೆ ಇಷ್ಟು ಚೆಂದ ಮಾತಾಡುವವಳು ಬರೆಯುವಾಗ ಯಾಕೆ ಮೂರೇ ಪದ ಬಳಸುತ್ತಾಳೆ ಅನ್ನುವುದು ಅವನಿಗೆ ಕಾಣಬೇಕು. ಮೊದಲು ತನ್ನ ಮೇಲೆ ಇಷ್ಟವಿಲ್ಲ ಅಂದುಕೊಳ್ಳಲಿ. ಪುಸ್ತಕದ ಅರ್ಧದಲ್ಲಿ ಅವಳೇ ಹೇಳಲಿ. ಗುಟ್ಟು ಕೊನೆಯವರೆಗೆ ಎಳೆಯಬೇಡಿ.

ಆಮೇಲೆ ದೂರವಾಗುವುದು ಹೀಗಿರಲಿ. ಶೆಡ್ಡಿಗೆ ಸಾಲ ಕೇಳಿ ಅವಳು ಒಂದು ಅರ್ಜಿ ಬರೆದಿರುತ್ತಾಳೆ. ತನ್ನದೇ ಮಾತಿನಲ್ಲಿ, ಹಗಲೂ ರಾತ್ರಿ ಕೂತು. ಅವನು ಒಳ್ಳೆಯ ಮನಸ್ಸಿನಿಂದಲೇ, ಅವಳಿಗೆ ಹೇಳದೆ, ಪೂರ್ತಿ ತಿದ್ದಿ ಹೊಸದಾಗಿ ಬರೆದು ಕಳಿಸಿಬಿಡುತ್ತಾನೆ. ಸಾಲ ಮಂಜೂರಾಗುತ್ತದೆ. ಅವಳಿಗೆ ಗೊತ್ತಾಗುತ್ತದೆ. ಆಗ ಜಗಳ! ಇಬ್ಬರದೂ ಸರಿ, ಇಬ್ಬರಿಗೂ ನೋವು. ಒಂದು ಫೋನಿನಲ್ಲಿ ಮುಗಿಯುವ ಜಗಳ ಅಲ್ಲ ಇದು.

ಹಳೇ_ಓದುಗ

ಈ ಅರ್ಜಿಯ ಜಗಳ ನನ್ನ ಮನಸ್ಸಿಗೆ ಹಿಡಿಸಿತು. ಅವನು ಸಹಾಯ ಮಾಡಿದ್ದು ತಪ್ಪೋ ಸರಿಯೋ ಅಂತ ನಾನೇ ಪುಸ್ತಕ ಮುಚ್ಚಿಟ್ಟು ಯೋಚಿಸುತ್ತೇನೆ. ಆದರೂ ಕೊನೆಯಲ್ಲಿ ಅವಳು ಏನಾದರೂ ಒಂದನ್ನು ಗಟ್ಟಿಯಾಗಿ ಓದುವುದು ಇರಲಿ ಅಂತಲೇ ನನ್ನ ಆಸೆ. ಅವಳೇ ಬಯಸಿ ಓದಲಿ, ತಡವರಿಸಿ ಓದಲಿ, ಕಲಿತು ಮುಗಿಸಿದ್ದಕ್ಕೆ ಅಲ್ಲ.

ಬೇಸಿಗೆ_ಕಥೆ

ಎಷ್ಟು ಕೊಟ್ಟಿರಿ ನೀವೆಲ್ಲ! ಬಸ್ಸು ಹೋಗಲಿ ಬಿಡಿ, ಅರ್ಜಿ ಬರಲಿ. ಪಾಠ ಹೇಳುವ ಸಂಜೆಗಳೂ ಇಲ್ಲ.

ಇನ್ನೊಂದು ಪ್ರಶ್ನೆ. ಕಥೆ ಅವಳ ಬಾಯಿಂದಲೇ ನಡೆಯುತ್ತದೆ. ಅವಳು ಓದುವುದನ್ನು ಪುಟದ ಮೇಲೆ ಹೇಗೆ ತೋರಿಸಲಿ? ಅಕ್ಷರಗಳನ್ನು ಹಿಂದೆ ಮುಂದೆ ಮಾಡಿ ಅಚ್ಚು ಹಾಕಿದರೆ ಓದುಗರಿಗೆ ಅನುಭವವಾಗುತ್ತದಾ? ನಮ್ಮ ಲಿಪಿಯಲ್ಲಿ ಇದು ಹೇಗಿರುತ್ತದೆ?

ವಿಶೇಷ_ಟೀಚರ್

ಅಕ್ಷರ ಕಲಸಿ ಅಚ್ಚು ಹಾಕಬೇಡಿ. ಅದು ಕಣ್ಣಿನ ತೊಂದರೆ ಅನ್ನುವ ಹಳೆಯ ನಂಬಿಕೆಯನ್ನೇ ಮತ್ತೆ ಹೇಳಿದಂತೆ.

ಲಿಪಿಯಿಂದ ಲಿಪಿಗೆ ತೊಂದರೆ ಹೊರಗೆ ಕಾಣುವ ರೀತಿ ಬೇರೆ. 2001ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇಂಗ್ಲಿಷ್, ಫ್ರೆಂಚ್, ಇಟಾಲಿಯನ್ ಓದುವ ಡಿಸ್ಲೆಕ್ಸಿಯಾ ಇರುವವರನ್ನು ಹೋಲಿಸಿ ನೋಡಿದ ಒಂದು ಅಧ್ಯಯನ ಬಂತು. ಇಟಾಲಿಯನ್ನರು ಉಳಿದವರಿಗಿಂತ ಚೆನ್ನಾಗಿ ಓದುತ್ತಿದ್ದರು, ಯಾಕೆಂದರೆ ಆ ಭಾಷೆಯಲ್ಲಿ ಬರೆದಂತೆ ಓದಬಹುದು. ಆದರೆ ಓದುವಾಗ ಮಿದುಳಿನಲ್ಲಿ ಕಂಡ ವ್ಯತ್ಯಾಸ ಮೂರೂ ಭಾಷೆಯವರಲ್ಲಿ ಒಂದೇ ಥರ ಇತ್ತು.

ಕನ್ನಡದಲ್ಲೂ ಬರೆದಂತೆಯೇ ಓದುತ್ತೇವೆ. ಆದರೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಕಲಿಯಬೇಕಾದ ರೂಪಗಳು ನೂರಾರು. ನಾನು ನೋಡಿದ ಮಕ್ಕಳು ಎಡವುವುದು ಒತ್ತಿನಲ್ಲಿ, ದೀರ್ಘದಲ್ಲಿ, ಒಂದೇ ಥರ ಕಾಣುವ ಅಕ್ಷರಗಳಲ್ಲಿ. ದೊಡ್ಡವರಾಗುವ ಹೊತ್ತಿಗೆ ತಪ್ಪು ಕಡಿಮೆಯಾಗುತ್ತದೆ, ನಿಧಾನ ಉಳಿಯುತ್ತದೆ. ಬರೆಯುವಾಗಿನ ತಪ್ಪು ಓದಿನದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ.

ಇನ್ನೊಂದು ಸಣ್ಣ ವಿಷಯ, ಪ್ರೇಮಕಥೆಗೆ ಬೇಕಾಗಬಹುದು. ಕೆಲವರಿಗೆ ಗೊತ್ತಿರುವ ಹೆಸರೇ ಅವಸರದಲ್ಲಿ ನಾಲಗೆಗೆ ಬರುವುದಿಲ್ಲ. ಮಾತಿನಮಲ್ಲಿಗೂ ಹಾಗೆ ಆಗಬಹುದು.

ನಿಧಾನ_ಓದುಗಿ

ನನ್ನ ಯೋಚನೆಗಳಿಗೆ ಕಾಗುಣಿತ ತಪ್ಪುವುದಿಲ್ಲ. ಅವಳ ಬಾಯಿಂದ ಕಥೆ ನಡೆದರೆ ಭಾಷೆ ಎಷ್ಟು ಬೇಕಾದರೂ ಸೊಗಸಾಗಿರಲಿ. ಓದುವ ಹೊತ್ತನ್ನು ತೋರಿಸಿ. ಉಳಿದವರು ಪುಟ ತಿರುಗಿಸಿದ ಸದ್ದು ಕೇಳಿ ಅವಳೂ ಓದದೆಯೇ ತಿರುಗಿಸುವುದು. ಹೋಟೆಲಿನಲ್ಲಿ ಪಟ್ಟಿ ನೋಡದೆ "ನೀವು ತಗೊಂಡಿದ್ದೇ ನನಗೂ" ಅನ್ನುವುದು. ಸುಸ್ತಾದ ದಿನ ಓದು ಇನ್ನೂ ನಿಧಾನವಾಗುವುದು. ಅಷ್ಟು ಸಾಕು.

ಬೇಸಿಗೆ_ಕಥೆ

ನಿನ್ನೆ ಕೂತು ಹೊಸದಾಗಿ ಬರೆದ ಭಾಗ ಇದು. ನೋಡಿ.

*ಅವನು ಹಾಳೆಯನ್ನು ನನ್ನ ಕೈಗೆ ಕೊಟ್ಟ. "ಓದು," ಅಂದ. ದೋಣಿಯ ಅಂಚಿನ ಮೇಲೆ ಕೂತು ನನ್ನ ಮುಖವನ್ನೇ ನೋಡತೊಡಗಿದ.*

*ಮೊದಲ ಪದ ನನ್ನ ಹೆಸರು. ಅದು ಗೊತ್ತು. ಎರಡನೆಯದು ಉದ್ದ ಇತ್ತು, ಒತ್ತಿನ ಕೆಳಗೆ ಇನ್ನೇನೋ ಇತ್ತು. ಅವನ ಕಾಲು ಅಲ್ಲಾಡುತ್ತಿತ್ತು. ಇಷ್ಟರಲ್ಲಿ ಬೇರೆಯವರು ಅರ್ಧ ಓದಿರುತ್ತಾರೆ. ನಾನು ಹಾಳೆಯ ಮೇಲೆ ಕಣ್ಣನ್ನು ಕೆಳಗಿನವರೆಗೆ ಇಳಿಸಿದೆ, ಓದಿದವರು ಇಳಿಸುವ ಹಾಗೆ.*

*"ಚೆನ್ನಾಗಿದೆ," ಅಂದೆ.*

*"ಚೆನ್ನಾಗಿದೆ?" ಅವನ ಮುಖ ಇಳಿಯಿತು. "ನಾನು ಪ್ರಶ್ನೆ ಕೇಳಿದ್ದೆ."*

*ಕೈಯಲ್ಲಿ ಬಣ್ಣ ಅಂಟಿತ್ತು, ಹಾಳೆಗೂ ಅಂಟಿತು. ಓಡಿಹೋಗಲು ನನ್ನ ಹತ್ತಿರ ಸಾವಿರ ನೆಪ ಇದ್ದವು. ಒಂದನ್ನೂ ತೆಗೆಯಲಿಲ್ಲ. ಹಾಳೆಯನ್ನು ಅವನ ಕಡೆ ಚಾಚಿದೆ. "ನೀನೇ ಓದು. ನನಗೆ ಓದಲು ತುಂಬಾ ಹೊತ್ತು ಬೇಕು. ಅಷ್ಟು ಹೊತ್ತು ನೀನು ಹೀಗೆ ನೋಡುತ್ತಾ ಕೂತರೆ ಆಗಲ್ಲ."*

ನಿಧಾನ_ಓದುಗಿ

"ಓದಿದವರು ಇಳಿಸುವ ಹಾಗೆ" ಅನ್ನುವ ಸಾಲನ್ನು ಫೋನು ಓದಿ ಹೇಳಿದಾಗ ನಿಲ್ಲಿಸಿ ಮತ್ತೆ ಕೇಳಿದೆ. ಅದನ್ನು ನಾನು ಎಷ್ಟು ಸಲ ಮಾಡಿದ್ದೇನೋ.

ಒಂದು ಸಲಹೆ. ಅವಳು ಇಷ್ಟು ನೇರವಾಗಿ ಹೇಳುವುದಕ್ಕೆ ಮೊದಲು ಅವನನ್ನು ಒಮ್ಮೆ ಪರೀಕ್ಷೆ ಮಾಡಿರಬೇಕು. ಹಿಂದಿನ ಯಾವುದೋ ಅಧ್ಯಾಯದಲ್ಲಿ ಬೇರೆ ಯಾರೋ ಏನನ್ನೋ ತಪ್ಪಾಗಿ ಓದಿದಾಗ ಅವನು ನಕ್ಕನಾ ಇಲ್ಲವಾ ಅಂತ ಅವಳು ನೋಡಿಟ್ಟುಕೊಂಡಿರಬೇಕು. ನಾವು ಯಾರಿಗೆ ಹೇಳಬಹುದು ಅಂತ ಹಾಗೇ ಲೆಕ್ಕ ಹಾಕುತ್ತೇವೆ.

ಜೊತೆಗಾರ

ನನ್ನ ಹೆಂಡತಿಗೆ ಓದಿ ಹೇಳಿದೆ. "ಅವನ ಉತ್ತರ ಏನು, ಅದನ್ನು ಯಾಕೆ ಬಿಟ್ಟಿದ್ದಾರೆ" ಅಂತ ಕೇಳುತ್ತಿದ್ದಾಳೆ. ಅವಳ ಪ್ರಕಾರ ಅವನು "ಅಯ್ಯೋ ಪರವಾಗಿಲ್ಲ" ಅನ್ನಬಾರದು. ಹಾಳೆ ತೆಗೆದುಕೊಂಡು ಓದಲು ಶುರು ಮಾಡಬೇಕು, ಅಷ್ಟೇ.

ಕಿವಿಯಲ್ಲಿ_ಓದು

ಇಷ್ಟು ಹೊತ್ತು ಬರೀ ಕೇಳಿಸಿಕೊಳ್ಳುತ್ತಿದ್ದೆ. ಪುಸ್ತಕ ಅಚ್ಚಾಗುವ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಇಂಥ ನಾಯಕಿಯ ಕಥೆಯನ್ನು ಅವಳಂಥವರು ಓದುವ ಹಾಗೆ ಅಚ್ಚು ಹಾಕಿಸಿ.

ಬ್ರಿಟಿಷ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಹೇಳುವುದು ಸರಳವಾಗಿದೆ: 12ರಿಂದ 14 ಪಾಯಿಂಟ್ ಅಕ್ಷರ, ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ, ಎಡಗಡೆಗೆ ಮಾತ್ರ ಸಮ ಮಾಡಿದ ಸಾಲು, ತೀರಾ ಬಿಳಿಯಲ್ಲದ ಕಾಗದ, ಓರೆ ಅಕ್ಷರ ಬೇಡ. 2012ರಲ್ಲಿ ಇಟಲಿ, ಫ್ರಾನ್ಸಿನ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಅಕ್ಷರಗಳ ನಡುವೆ ಜಾಗ ಹೆಚ್ಚಿಸಿದ್ದರಿಂದಲೇ ಡಿಸ್ಲೆಕ್ಸಿಯಾ ಇರುವವರ ಓದು ಸುಧಾರಿಸಿತು. ವಿಶೇಷ ಫಾಂಟುಗಳಿಗೆ ದುಡ್ಡು ಸುರಿಯಬೇಕಾಗಿಲ್ಲ, ಅವುಗಳಿಂದ ಅಂಥ ಲಾಭ ಕಂಡುಬಂದಿಲ್ಲ.

ಮುಖ್ಯವಾಗಿ ಆಡಿಯೋ ಪುಸ್ತಕ ಅದೇ ದಿನ ಬರಲಿ. ವರ್ಷ ಕಳೆದ ಮೇಲೆ ಬೇಡ. ಎಲ್ಲರೂ ಆ ಪುಸ್ತಕದ ಬಗ್ಗೆ ಮಾತಾಡುವಾಗಲೇ ನಮಗೂ ಮಾತಾಡಬೇಕು.

ಬೇಸಿಗೆ_ಕಥೆ

ಓರೆ ಅಕ್ಷರ ಬೇಡ ಅಂದಿರಿ, ಮೇಲಿನ ತುಣುಕು ಓರೆಯಲ್ಲೇ ಇದೆ. ಪುಸ್ತಕದಲ್ಲಿ ಎಲ್ಲೂ ಇರದಂತೆ ನೋಡಿಕೊಳ್ಳುತ್ತೇನೆ. ಆಡಿಯೋ ಬಗ್ಗೆ ಪ್ರಕಾಶಕರ ಹತ್ತಿರ ಈ ವಾರವೇ ಮಾತಾಡುತ್ತೇನೆ.

ಅರ್ಜಿಯ ಜಗಳದ ಅಧ್ಯಾಯ ಶುರು ಮಾಡಿದ್ದೇನೆ. ಅವಳ ಕೋಪ ಬರೆಯುವುದು ಸುಲಭವಾಯಿತು, ಅವನು ಕ್ಷಮೆ ಕೇಳುವುದು ಇನ್ನೂ ಬರುತ್ತಿಲ್ಲ. ಹಳೇ ಓದುಗರೇ, ಅವಳು ಗಟ್ಟಿಯಾಗಿ ಓದುವ ಜಾಗ ಸಿಕ್ಕಿದೆ. ತಾನು ಮೊದಲು ಬರೆದ ಅರ್ಜಿಯನ್ನೇ ಅವನಿಗೆ ಓದಿ ಹೇಳುತ್ತಾಳೆ, ಅವನು ಅಳಿಸಿಹಾಕಿದ ಸಾಲುಗಳನ್ನು.

ನಿಧಾನ ಓದುಗಿಯವರೇ, ಅಧ್ಯಾಯ ಮುಗಿದ ಮೇಲೆ ನಿಮಗೆ ನನ್ನ ದನಿಯಲ್ಲೇ ಓದಿ ಕಳಿಸಲಾ?

ನಿಧಾನ_ಓದುಗಿ

ಕಳಿಸಿ. ಜೊತೆಗೆ ಬರೆದಿದ್ದನ್ನೂ ಕಳಿಸಿ, ಕೇಳುತ್ತಾ ಕಣ್ಣಾಡಿಸುತ್ತೇನೆ. ಅವಸರ ಇಲ್ಲದಿದ್ದರೆ ಒಂದು ವಾರ ಕೊಡಿ.